ನುಡಿ, ಬರಹದ ಹಳೇ ಫೈಲ್ ಅದಾವೇನ್ರಿ? ಯೂನಿಕೋಡ್‌ಗೆ ಬದಲಿಸುವ ಮೊದಲು ಇದನ್ನು ಓದಿ

ಗದಗ: ಹತ್ತು ವರ್ಷದ ಹಿಂದೆ ಮಾಡಿಸಿದ್ದ ಜಾತ್ರೆ ಕರಪತ್ರದ ಫೈಲ್ ಪೆನ್‌ಡ್ರೈವ್‌ನಲ್ಲಿ ಇರುತ್ತದೆ. ಈ ವರ್ಷ ತಾರೀಕು ಮತ್ತು ನಾಲ್ಕು ಹೆಸರು ಬದಲಿಸಿದರೆ ಸಾಕು ಎಂದು ಹೊಸ ಕಂಪ್ಯೂಟರ್‌ನಲ್ಲಿ ತೆಗೆದರೆ ಕನ್ನಡವೇ ಇಲ್ಲ. ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಏನೇನೋ ಗುರುತು. "ವೈರಸ್ ಬಂದೈತಿ" ಅಂತ ಫೈಲ್ ಅಳಿಸಿದವರೂ ಇದ್ದಾರೆ. ಅದು ವೈರಸ್ ಅಲ್ಲ. ಫೈಲ್ ಸರಿಯಾಗೇ ಇದೆ, ಅದಕ್ಕೆ ಬೇಕಾದ ಹಳೇ ಫಾಂಟ್ ಮಾತ್ರ ಆ ಕಂಪ್ಯೂಟರ್‌ನಲ್ಲಿಲ್ಲ.

ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಅಂತ ಕರೆಯುವುದು ಎಲ್ಲರಿಗೂ ಗೊತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಕಾರರು ಬಿಲ್ ಬುಕ್ಕಿನಿಂದ ಹಿಡಿದು ಮಠದ ಸ್ಮರಣ ಸಂಚಿಕೆವರೆಗೆ ಇಲ್ಲೇ ಅಚ್ಚು ಹಾಕಿಸುತ್ತ ಬಂದಿದ್ದಾರೆ. ಅಚ್ಚುಮೊಳೆ ಹೋಗಿ ಡಿಟಿಪಿ ಬಂದ ಮೇಲೆ ಆ ಕೆಲಸದ ಬಹುಪಾಲು ನುಡಿ, ಬರಹ, ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳಲ್ಲಿ ಆಗಿದೆ. ಸಹಕಾರಿ ಸಂಘಗಳ ಬೈಲಾ, ಸದಸ್ಯರ ಪಟ್ಟಿ, ಶಾಲೆಯ ಸಂಚಿಕೆ, ಮನೆತನದ ವಂಶಾವಳಿ ಇಂಥವೆಲ್ಲ ಇಂದಿಗೂ ಹಳೇ ರೂಪದಲ್ಲೇ ಇರಬಹುದು. ಅವನ್ನು ಯೂನಿಕೋಡ್‌ಗೆ ತರುವುದು ಹೇಗೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದು ಇಲ್ಲಿದೆ.

ಹಳೇ ಫಾಂಟ್ ಮಾಡಿದ್ದೇನು?

ಹಳೇ ಕಂಪ್ಯೂಟರ್‌ಗೆ ಕನ್ನಡ ಅಕ್ಷರ ಅಂದರೆ ಏನೆಂದು ಗೊತ್ತಿರಲಿಲ್ಲ. ಅದಕ್ಕೆ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಇಟ್ಟಿದ್ದ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸಿದರು. ನುಡಿ ಫಾಂಟ್‌ನಲ್ಲಿ "ಕನ್ನಡ" ಎಂದು ಬರೆದರೆ ಫೈಲ್ ಒಳಗೆ ಉಳಿಯುವುದು ಪಿ, ಗೆರೆಯಿರುವ ಎ, ಪೌಂಡ್ ಚಿಹ್ನೆ ಹೀಗೆ ಏಳು ಗುರುತು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ತೆಗೆದರೆ ಆ ಏಳು ಗುರುತೇ ಕಾಣುತ್ತವೆ.

ಯೂನಿಕೋಡ್ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. ಅಲ್ಲಿ "ಕನ್ನಡ" ಎಂದರೆ ಕ, ನ, ಅರ್ಧಾಕ್ಷರದ ಗುರುತು, ನ, ಡ ಹೀಗೆ ಐದು ಸಂಕೇತ. ಯಾವ ಫಾಂಟ್ ಹಾಕಿದರೂ, ಮೊಬೈಲ್‌ನಲ್ಲಿ ತೆಗೆದರೂ ಅದು ಕನ್ನಡವೇ. ರಾಜ್ಯ ಸರ್ಕಾರವೂ 2012ರಲ್ಲಿ ಯೂನಿಕೋಡ್ ಅನ್ನು ಕನ್ನಡದ ಶಿಷ್ಟತೆಯಾಗಿ ಒಪ್ಪಿಕೊಂಡಿದೆ.

ಬದಲಿಸದಿದ್ದರೆ ನಷ್ಟ ಏನ್ರಿ?

"ಪ್ರಿಂಟ್ ಚಲೋ ಬರ್ತೈತಲ್ಲ, ಮತ್ಯಾಕ?" ಅನ್ನುವ ಪ್ರಶ್ನೆ ಸಹಜ. ಕಾಗದಕ್ಕೆ ಮಾತ್ರ ಸಾಕಾಗಿದ್ದರೆ ನಿಜಕ್ಕೂ ತೊಂದರೆ ಇರಲಿಲ್ಲ. ಆದರೆ ಹಳೇ ಫೈಲ್‌ನ ದರಪಟ್ಟಿಯನ್ನು ವಾಟ್ಸಾಪ್‌ಗೆ ಹಾಕಲು ಬರುವುದಿಲ್ಲ, ಫೋಟೊ ಹೊಡೆದೇ ಕಳಿಸಬೇಕು. ಹಳೇ ಫಾಂಟ್‌ನ ಪಿಡಿಎಫ್‌ನಲ್ಲಿ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ, ಗೂಗಲ್‌ಗೂ ಅದು ಕನ್ನಡ ಎಂದು ತಿಳಿಯುವುದಿಲ್ಲ.

ಒಂದು ಉದಾಹರಣೆ. ಲಕ್ಷ್ಮೇಶ್ವರ ಹೊಸ ತಾಲ್ಲೂಕಾದ ಮೇಲೆ ಅಲ್ಲಿನ ಅಂಗಡಿ, ಸಂಘಗಳ ಕಾಗದಪತ್ರದಲ್ಲಿ "ತಾ: ಶಿರಹಟ್ಟಿ" ಎಂದಿದ್ದದ್ದು ಬದಲಾಗಬೇಕಾಯಿತು. 1997ರಲ್ಲಿ ಗದಗ ಜಿಲ್ಲೆ ಆದಾಗ "ಜಿ: ಧಾರವಾಡ" ಎಂಬುದಕ್ಕೂ ಇದೇ ಗತಿ. ಯೂನಿಕೋಡ್ ಫೈಲ್‌ಗಳಾದರೆ ಯಾವ್ಯಾವುದರಲ್ಲಿ ಆ ಹೆಸರಿದೆ ಎಂದು ಕಂಪ್ಯೂಟರೇ ಹುಡುಕಿ ಕೊಡುತ್ತದೆ. ಹಳೇ ಫಾಂಟ್‌ನಲ್ಲಿದ್ದರೆ ಒಂದೊಂದೇ ಫೈಲ್ ತೆಗೆದು ಕಣ್ಣಿನಿಂದ ಹುಡುಕಬೇಕು.

ಇದಕ್ಕಿಂತ ದೊಡ್ಡ ನಷ್ಟ ಕಣ್ಣು ಕಾಣದವರದ್ದು. ಅಕ್ಷರವನ್ನು ಓದಿ ಹೇಳುವ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಕನ್ನಡವಾಗೇ ಓದುತ್ತವೆ. ಹಳೇ ಫೈಲ್ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಚ್ಚರಿಸುತ್ತವೆ. ಪುಟ್ಟರಾಜ ಗವಾಯಿಗಳು ಬ್ರೈಲ್‌ನಲ್ಲಿ ಬರೆದ ಊರು ಇದು, ವೀರೇಶ್ವರ ಪುಣ್ಯಾಶ್ರಮದ ಊರು. ಇಲ್ಲಿ ಅಚ್ಚಾದ ಪುಸ್ತಕದ ಫೈಲ್ ಅಂಧ ಓದುಗರಿಗೆ ಮುಚ್ಚಿದ ಬಾಗಿಲಾಗಿ ಉಳಿಯಬಾರದು.

ಪರಿವರ್ತಕ ಎಲ್ಲಿ ತಪ್ಪುತ್ತದೆ?

ಹಳೇ ಗುರುತು ತೆಗೆದು ಹೊಸ ಅಕ್ಷರ ಹಾಕಿದರೆ ಮುಗಿಯಿತು ಅನ್ನಿಸಬಹುದು. ಹಾಗಿಲ್ಲ, ಎರಡೂ ಕಡೆ ಅಕ್ಷರಗಳ ಸರದಿಯೇ ಬೇರೆ. ನಮ್ಮ ಊರಿನ ಹೆಸರುಗಳಲ್ಲೇ ಇದನ್ನು ನೋಡಬಹುದು.

* ಶಿರಹಟ್ಟಿ: ನುಡಿ ಫಾಂಟ್‌ನಲ್ಲಿ ಮೊದಲು "ಟಿ", ಆಮೇಲೆ ಅದರ ಕೆಳಗಿನ ಒತ್ತು. ಯೂನಿಕೋಡ್‌ನಲ್ಲಿ ಟ, ಒತ್ತಿನ ಟ, ಕೊನೆಗೆ ಗುಡಿಸು. ಸರದಿ ತಿರುಗಿಸದಿದ್ದರೆ ಅಕ್ಷರ ಒಡೆಯುತ್ತದೆ.
* ಮುಂಡರಗಿ: ಹಳೇ ಫೈಲ್‌ನಲ್ಲಿ "ಮ" ಎಂಬುದಕ್ಕೆ ಸ್ವಂತ ಗುರುತಿಲ್ಲ. "ವ" ಬರೆದು ಅದಕ್ಕೊಂದು ಬಾಲ ಹಚ್ಚಿ "ಮ" ಮಾಡಿದ್ದಾರೆ. ಅರೆಬರೆ ಪರಿವರ್ತಕಕ್ಕೆ ಇಲ್ಲಿ ವ, ಮ ಗೊಂದಲ ಆಗುತ್ತದೆ.
* ಲಕ್ಷ್ಮೇಶ್ವರ: ಕ, ಷ, ಮ ಮೂರೂ ಒಂದರ ಕೆಳಗೊಂದು, ಮೇಲೆ ಏತ್ವದ ದೀರ್ಘ. ನಿಮ್ಮ ಪರಿವರ್ತಕ ಎಷ್ಟು ಗಟ್ಟಿ ಎಂದು ನೋಡಲು ಈ ಒಂದು ಹೆಸರು ಸಾಕು.
* ಕುರ್ತಕೋಟಿ: ಅರ್ಕಾವತ್ತು ಹಳೇ ಫೈಲ್‌ನಲ್ಲಿ "ತ" ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಅರ್ಧ "ರ" ಮೊದಲು ಬರಬೇಕು.

ಇನ್ನೊಂದು ಎಡವಟ್ಟು ಇಂಗ್ಲಿಷ್‌ನದು. ಕನ್ನಡದ ನಡುವೆ ಇಂಗ್ಲಿಷ್‌ನಲ್ಲಿ ಕಂಪನಿ ಹೆಸರು, ಜಿಎಸ್‌ಟಿ ಸಂಖ್ಯೆ, ಇಮೇಲ್ ವಿಳಾಸ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದು ತಿಳಿದು ಕಲಸಿಬಿಡುತ್ತದೆ. ಅಂಗಡಿಕಾರರು ಮೊದಲು ನೋಡಬೇಕಾದದ್ದು ಇದನ್ನೇ.

ಕೆಲಸ ಮಾಡುವ ಕ್ರಮ

1. ಮೊದಲು ಫೈಲ್‌ನ ನಕಲು ಮಾಡಿ ಇಡಿ. ಮೂಲ ಫೈಲ್ ಮುಟ್ಟಬೇಡಿ. ಹಳೇ ಫಾಂಟನ್ನೂ ಅದೇ ಫೋಲ್ಡರ್‌ನಲ್ಲಿ ಹಾಕಿಡಿ.

2. ಯಾವ ಫಾಂಟ್ ಎಂದು ನೋಡಿ. ವರ್ಡ್ ಅಥವಾ ಪೇಜ್‌ಮೇಕರ್‌ನಲ್ಲಿ ಅಕ್ಷರದ ಮೇಲೆ ಕರ್ಸರ್ ಇಟ್ಟರೆ ಹೆಸರು ಕಾಣುತ್ತದೆ. ನುಡಿಗೆ ಮಾಡಿದ ಪರಿವರ್ತಕ ಶ್ರೀಲಿಪಿಗೆ ನಡೆಯುವುದಿಲ್ಲ, ಎರಡರ ಗುರುತುಗಳೂ ಬೇರೆ ಬೇರೆ.

3. ಇಂಗ್ಲಿಷ್ ಭಾಗವನ್ನು ಬೇರೆ ತೆಗೆದಿಡಿ. ಕನ್ನಡ ಬದಲಾದ ಮೇಲೆ ವಾಪಸ್ ಕೂಡಿಸಿ.

4. ಪರಿವರ್ತಿಸಿ. ಬರಹ ತಂತ್ರಾಂಶದಲ್ಲೇ ಪರಿವರ್ತಕ ಇದೆ. ನುಡಿಗೂ ಸಲಕರಣೆಗಳಿವೆ, ಉಚಿತ ಮುಕ್ತ ತಂತ್ರಾಂಶಗಳೂ ಸಿಗುತ್ತವೆ. ಆದರೆ ಸದಸ್ಯರ ಹೆಸರು, ಆಧಾರ್, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ಗುರುತಿಲ್ಲದ ಜಾಲತಾಣಕ್ಕೆ ಹಾಕಬೇಡಿ. ಅಂಥದ್ದನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುವ ತಂತ್ರಾಂಶದಿಂದ ಮಾಡಿ.

5. ಹಳೇ ಪ್ರಿಂಟ್ ಪಕ್ಕಕ್ಕಿಟ್ಟುಕೊಂಡು ಪ್ರೂಫ್ ನೋಡಿ. ಒತ್ತಕ್ಷರ, ಅರ್ಕಾವತ್ತು, ಹೆಸರು, ರೊಕ್ಕದ ಅಂಕಿ ಈ ನಾಲ್ಕನ್ನು ಒಂದೂ ಬಿಡದೆ ನೋಡಬೇಕು. ಒಬ್ಬರು ಓದಿ, ಇನ್ನೊಬ್ಬರು ನೋಡಿದರೆ ಒಳ್ಳೆಯದು.

6. ಪುಟ ಮತ್ತೆ ಕಟ್ಟಬೇಕು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಈಚಿನ ಇನ್‌ಡಿಸೈನ್, ಅಥವಾ ಉಚಿತವಾದ ಸ್ಕ್ರೈಬಸ್, ಲಿಬ್ರೆಆಫೀಸ್ ಬಳಸಬಹುದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್‌ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟ್ ಬದಲಾದಾಗ ಸಾಲು ಒಡೆಯುವ ಜಾಗವೂ ಬದಲಾಗುತ್ತದೆ, ಆದ್ದರಿಂದ ಪರಿವಿಡಿಯ ಪುಟಸಂಖ್ಯೆ ಮತ್ತೆ ಹಾಕಬೇಕು.

ಫೈಲ್ ಕಳೆದುಹೋಗಿ ಪುಸ್ತಕ ಮಾತ್ರ ಉಳಿದಿದ್ದರೆ? ಪುಟಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆಗೆದರೆ ಕನ್ನಡ ಅಕ್ಷರ ಗುರುತಿಸಿ ಕೊಡುತ್ತದೆ. ತಪ್ಪು ಇರುತ್ತವೆ, ಪ್ರೂಫ್ ನೋಡಲೇಬೇಕು. ಆದರೂ ಮೊದಲಿನಿಂದ ಟೈಪ್ ಮಾಡುವುದಕ್ಕಿಂತ ವಾಸಿ.

ಡಿಟಿಪಿಯವರ ಮಾತು

ಇಪ್ಪತ್ತು ವರ್ಷ ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದು ಕಲಿಯಬೇಕಲ್ಲ ಎಂಬ ಅಂಜಿಕೆ ಇದ್ದೇ ಇರುತ್ತದೆ. ಆದರೆ ಕೀಲಿಮಣೆ ಬೇರೆ, ಫಾಂಟ್ ಬೇರೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯೇ ಯೂನಿಕೋಡ್‌ನಲ್ಲೂ ಇದೆ. ಬೆರಳಿನ ರೂಢಿ ಬದಲಾಗುವುದಿಲ್ಲ. ಹಳೇ ಫಾಂಟ್‌ಗಳಷ್ಟು ಅಂದದ ತರಹೇವಾರಿ ಅಕ್ಷರ ಯೂನಿಕೋಡ್‌ನಲ್ಲಿ ಸಿಗುವುದಿಲ್ಲ ಎಂಬ ದೂರಿನಲ್ಲಿ ಸತ್ಯ ಇದೆ. ಲಗ್ನಪತ್ರಿಕೆಯಂಥ ಒಂದೇ ಸಲದ ಕೆಲಸಕ್ಕೆ ಹಳೇ ಫಾಂಟ್ ಬಳಸಿದರೆ ಯಾರಿಗೂ ನಷ್ಟವಿಲ್ಲ. ಮುಂದೆ ಮತ್ತೆ ಬೇಕಾಗುವ ಕಾಗದವನ್ನು ಮಾತ್ರ ಯೂನಿಕೋಡ್‌ನಲ್ಲೇ ಮಾಡಿ.

ಮುಂದಿನ ಸಲ ಈ ತ್ರಾಸ ಬೇಡವೆಂದರೆ

ಇದೇ ತಾಪತ್ರಯ ತಂತ್ರಾಂಶ ಮಾಡುವವರಿಗೂ ಇದೆ. ಲಿನಕ್ಸ್ ಕರ್ನಲ್ ತಂಡದವರೂ 2016ರಿಂದ ತಮ್ಮ ಕೈಪಿಡಿಗಳನ್ನು ಹಳೇ ಡಾಕ್‌ಬುಕ್ ರೂಪದಿಂದ ತೆಗೆದು, ಸಾದಾ ಅಕ್ಷರದಲ್ಲಿ ಬರೆಯುವ ಹೊಸ ಕ್ರಮಕ್ಕೆ ತಂದರು. ಅವರು ಬರಹವನ್ನು ಸಾದಾ ಅಕ್ಷರದಲ್ಲಿ ಇಟ್ಟು, ಇದು ಶೀರ್ಷಿಕೆ, ಇದು ಪಟ್ಟಿ ಎಂದು ಸಣ್ಣ ಗುರುತು ಹಾಕಿರುತ್ತಾರೆ. ಪುಟದ ಅಂದಚಂದ ಕೊಡುವುದು ಬೇರೆ ತಂತ್ರಾಂಶದ ಕೆಲಸ.

ನಾವೂ ಅಷ್ಟನ್ನು ಮಾಡಬಹುದು. ಶೀರ್ಷಿಕೆಗೆ ಅಕ್ಷರ ದಪ್ಪ ಮಾಡಿ ಬಿಡುವ ಬದಲು ವರ್ಡ್ ಅಥವಾ ಲಿಬ್ರೆಆಫೀಸ್‌ನ ಹೆಡಿಂಗ್ ಸ್ಟೈಲ್ ಬಳಸಿ, ಆಗ ಪರಿವಿಡಿ ತಾನಾಗೇ ಬರುತ್ತದೆ. ಕೆಲಸ ಮುಗಿದ ಮೇಲೆ ಪಿಡಿಎಫ್ ಜೊತೆ ಬರೀ ಅಕ್ಷರದ ಒಂದು ಫೈಲನ್ನು ಯುಟಿಎಫ್-8 ರೂಪದಲ್ಲಿ ಉಳಿಸಿಡಿ. ಪ್ರೆಸ್‌ನಲ್ಲಿ ಕೆಲಸ ಕೊಡುವಾಗಲೇ "ಪ್ರಿಂಟ್ ಜೊತೆ ಯೂನಿಕೋಡ್ ಫೈಲೂ ಕೊಡ್ರಿ" ಎಂದು ಮಾತಾಡಿಕೊಳ್ಳಿ. ಹಳೇ ಪುಸ್ತಕ ಪೂರ್ತಿ ಕೊಡುವ ಮೊದಲು ಒಂದು ಪುಟ ಬದಲಿಸಿ ಕೊಡಲು ಹೇಳಿ, ನೋಡಿ, ಆಮೇಲೆ ದರ ಮಾತಾಡಿ.

ಎಲ್ಲವನ್ನೂ ಒಂದೇ ಸಲ ಬದಲಿಸಬೇಕಿಲ್ಲ. ಬೈಲಾ, ಸದಸ್ಯರ ಪಟ್ಟಿ, ವಂಶಾವಳಿ, ಊರಿನ ಇತಿಹಾಸದ ಪುಸ್ತಕ ಮೊದಲು ಆಗಲಿ. ಹಳೇ ಬಿಲ್, ಮುಗಿದ ಕಾರ್ಯಕ್ರಮದ ಆಮಂತ್ರಣ ಹಾಗೇ ಇರಲಿ. ಒಂದನ್ನು ಮಾತ್ರ ತಡ ಮಾಡಬೇಡಿ. ಆ ಫೈಲ್ ಟೈಪ್ ಮಾಡಿದವರು ಇನ್ನೂ ಅಂಗಡಿಯಲ್ಲಿರುವಾಗ, ಹಳೇ ಕಂಪ್ಯೂಟರ್ ಇನ್ನೂ ಚಾಲೂ ಆಗುವಾಗ ಫೈಲ್ ಮತ್ತು ಫಾಂಟ್ ಎರಡರ ನಕಲನ್ನೂ ತಂದಿಟ್ಟುಕೊಳ್ಳಿ. ಪರಿವರ್ತನೆ ಬೇಕಾದರೆ ಮುಂದಿನ ತಿಂಗಳೂ ಆಗುತ್ತದೆ, ನಕಲು ಈ ವಾರವೇ ಆಗಲಿ.