ಕೆರೆಯಲ್ಲಿ ತೇಲುವುದೆಲ್ಲ ಅಂತರಗಂಗೆಯಲ್ಲ

‘ಕೆರೆ ತುಂಬ ಅಂತರಗಂಗೆ, ಅಧಿಕಾರಿಗಳ ನಿರ್ಲಕ್ಷ್ಯ’. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ವರ್ಷಕ್ಕೆ ನಾಲ್ಕಾರು ಸಲವಾದರೂ ಕಾಣುವ ಶೀರ್ಷಿಕೆ ಇದು. ಜೊತೆಗಿರುವ ಫೋಟೊ ನೋಡಿದರೆ ಒಮ್ಮೆ ನೇರಳೆ ಹೂವಿನ ಗಿಡ, ಇನ್ನೊಮ್ಮೆ ಎಲೆಕೋಸಿನಂಥ ಗಿಡ, ಮತ್ತೊಮ್ಮೆ ದಡದಿಂದ ನೀರಿಗೆ ಹಬ್ಬಿದ ಬಳ್ಳಿ. ಎಲ್ಲಕ್ಕೂ ಹೆಸರು ಒಂದೇ.

ಬೆಂಗಳೂರಿನ ಸುತ್ತಮುತ್ತಲ ಕೆರೆಗಳಲ್ಲಿ ಗಿಡಗಳನ್ನು ಗುರುತು ಹಚ್ಚುತ್ತಾ ಅಡ್ಡಾಡುವುದು ನನ್ನ ಹವ್ಯಾಸ. ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಸಾರ್, ಇದನ್ನ ತೆಗೆಸೋದು ಹೇಗೆ?’ ಅಂತ. ‘ಇದು ಯಾವ ಗಿಡ?’ ಅಂತ ಕೇಳುವವರು ಕಡಿಮೆ. ಆದರೆ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮೊದಲನೆಯದಕ್ಕೆ ಸಿಗುವ ಉತ್ತರ ದುಬಾರಿಯಾಗುತ್ತದೆ, ಕೆಲವೊಮ್ಮೆ ಅಪಾಯಕಾರಿಯೂ ಆಗುತ್ತದೆ.

ಒಂದು ಹೆಸರು, ಎರಡು ಗಿಡ

ಅಂತರಗಂಗೆ ಎಂಬ ಹೆಸರು ಸಲ್ಲಬೇಕಾದದ್ದು ಪಿಸ್ಟಿಯಾ ಎಂಬ ಗಿಡಕ್ಕೆ. ತೊಟ್ಟಿಲ್ಲದ, ಮೃದುವಾದ ರೋಮಗಳಿರುವ, ಉದ್ದುದ್ದ ಗೆರೆ ಮೂಡಿದ ಎಲೆಗಳು ಸುತ್ತಲೂ ಜೋಡಿಸಿಕೊಂಡು, ಸಣ್ಣ ಎಲೆಕೋಸೊಂದು ಬಾಯಿ ಬಿಟ್ಟು ತೇಲಿದಂತೆ ಕಾಣುತ್ತದೆ. ಹೂವು ಎಷ್ಟು ಚಿಕ್ಕದೆಂದರೆ ಹುಡುಕಿದರಷ್ಟೇ ಸಿಗುತ್ತದೆ. ಆಯುರ್ವೇದದಲ್ಲಿ ಕುಂಭಿಕ ಎಂದು ಕರೆಯುವುದು ಇದನ್ನೇ. ಇದರ ತವರು ಯಾವುದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಜನ ಇಂದು ಅಂತರಗಂಗೆ ಎನ್ನುವುದು ಹೆಚ್ಚಾಗಿ ವಾಟರ್ ಹಯಸಿಂತ್‌ಗೆ. ಇದರ ತವರಿನ ಬಗ್ಗೆ ಅನುಮಾನವಿಲ್ಲ, ಅದು ದಕ್ಷಿಣ ಅಮೆರಿಕ. ಹೂವಿನ ಚೆಂದಕ್ಕೆ ಮನಸೋತವರು 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು, ಅಲ್ಲಿಂದ ದೇಶದ ತುಂಬ ಹರಡಿತು. ಗುರುತು ಸುಲಭ: ಎಲೆ ದಪ್ಪ, ನುಣುಪು, ಮಿಂಚುವ ಹಸಿರು. ತೊಟ್ಟು ಬಲೂನಿನಂತೆ ಊದಿರುತ್ತದೆ. ಕೊಯ್ದರೆ ಒಳಗೆ ಸ್ಪಂಜು. ನೇರಳೆ ಹೂಗೊಂಚಲಿನ ಪ್ರತಿ ಹೂವಿನ ಮೇಲಿನ ದಳದಲ್ಲಿ ಹಳದಿ ಬೊಟ್ಟು. ಗಿಡಗಳು ಒತ್ತೊತ್ತಾಗಿ ಬೆಳೆದಲ್ಲಿ ತೊಟ್ಟು ಊದದೆ ನೀಳವಾಗಬಹುದು, ಆಗ ಹೂವನ್ನೇ ನಂಬಬೇಕು.

ಇದರದೇ ಕುಟುಂಬದ ಮೊನೊಕೋರಿಯಾ ನಮ್ಮ ನೆಲದ ಗಿಡ. ಅದರದ್ದೂ ನೀಲಿ ಹೂವು. ಆದರೆ ಅದು ತೇಲುವುದಿಲ್ಲ, ಕೆಸರಿನಲ್ಲಿ ಬೇರೂರಿ ನಿಲ್ಲುತ್ತದೆ. ಹೂವಿನಲ್ಲಿ ಹಳದಿ ಬೊಟ್ಟೂ ಇಲ್ಲ.

ಹೊನಗೊನ್ನೆಯ ವೇಷದಲ್ಲಿ

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅಲಿಗೇಟರ್ ವೀಡ್. ಇದೂ ದಕ್ಷಿಣ ಅಮೆರಿಕದ್ದೇ. ದಡದ ಮಣ್ಣಿನಲ್ಲಿ ಬೇರು ಬಿಟ್ಟು ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬುತ್ತದೆ. ನೋಡಿದವರು ‘ಅಯ್ಯೋ, ಇದು ಹೊನಗೊನ್ನೆ ಸೊಪ್ಪಲ್ವಾ?’ ಅಂತಾರೆ. ಎರಡೂ ಒಂದೇ ಕುಲದವು, ಹಾಗಾಗಿ ಹೋಲಿಕೆ ಸಹಜ.

ವ್ಯತ್ಯಾಸ ತಿಳಿಯಲು ಹೂವು ನೋಡಿ. ಹೊನಗೊನ್ನೆಯ ಬಿಳಿ ಹೂಗಳು ಎಲೆಯ ಬುಡದಲ್ಲಿ, ಕಾಂಡಕ್ಕೆ ಅಂಟಿಕೊಂಡೇ ಇರುತ್ತವೆ. ಅಲಿಗೇಟರ್ ವೀಡ್‌ನ ಬಿಳಿ ಹೂಚೆಂಡು ಒಂದೆರಡು ಅಂಗುಲದ ತೊಟ್ಟಿನ ಮೇಲೆ ಎದ್ದು ನಿಂತಿರುತ್ತದೆ. ನೀರಿನ ಮೇಲೆ ತೇಲುವ ಕಾಂಡ ದಪ್ಪಗಿದ್ದು, ಮುರಿದರೆ ಕೊಳವೆಯಂತೆ ಟೊಳ್ಳು.

ಈ ಒಂದು ತೊಟ್ಟಿನ ಮೇಲೆ ಊಟದ ತಟ್ಟೆಯ ಪ್ರಶ್ನೆ ನಿಂತಿದೆ. ಒಳಚರಂಡಿ, ಕಾರ್ಖಾನೆಗಳ ನೀರು ಸೇರುವ ಕೆರೆಗಳಲ್ಲಿ ಈ ಗಿಡ ಸೊಂಪಾಗಿ ಬೆಳೆಯುತ್ತದೆ, ಜೊತೆಗೆ ನೀರಿನಲ್ಲಿರುವ ಭಾರಲೋಹಗಳನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದನ್ನು ಹೊನಗೊನ್ನೆ ಅಂತ ಕಿತ್ತು ಕಟ್ಟು ಕಟ್ಟಿದರೆ ಆ ಲೋಹ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಿಲ್ಲ. ಹಾಗೆ ನೋಡಿದರೆ ಕೊಳಚೆ ಸೇರುವ ಕೆರೆಯಲ್ಲಿ ಬೆಳೆದ ಅಸಲಿ ಹೊನಗೊನ್ನೆಯೂ ಅಡುಗೆಗೆ ಬೇಡ.

ಇನ್ನೊಂದು ಮಾತು. ಈ ಗಿಡದ ಕಾಂಡದ ಒಂದು ಗಿಣ್ಣು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ಯಂತ್ರ ಇಳಿಸಿ ಕತ್ತರಿಸಿ ಚೂರುಗಳನ್ನು ನೀರಲ್ಲೇ ಬಿಟ್ಟರೆ, ಅದು ಕಳೆ ತೆಗೆದಂತಲ್ಲ, ನಾಟಿ ಮಾಡಿದಂತೆ.

ಹೂವೇ ಬಿಡದ ಗಿಡ

ಮೂರನೆಯದು ಸಾಲ್ವಿನಿಯಾ. ಕೇರಳದವರು ಇದನ್ನು ‘ಆಫ್ರಿಕನ್ ಪಾಯಲ್’ ಅಂತಾರೆ, ಆದರೆ ತವರು ಬ್ರೆಜಿಲ್. ಇದು ಜರೀಗಿಡದ ಜಾತಿ, ಹೂ ಬಿಡುವುದಿಲ್ಲ. ಎಲೆಗಳು ಜೋಡಿಜೋಡಿ; ಎಳೆಯವು ಚಪ್ಪಟೆ, ಬಲಿತವು ಪುಸ್ತಕ ಅರ್ಧ ಮಡಿಚಿದಂತೆ. ಭೂತಗನ್ನಡಿ ಹಿಡಿದರೆ ಎಲೆಯ ಮೇಲಿನ ರೋಮಗಳ ತುದಿ ಮೊಟ್ಟೆ ಕದಡುವ ತಂತಿಕಡ್ಡಿಯಂತೆ ಕಾಣುತ್ತದೆ. ಹೈನುಗಾರರು ಮೇವಿಗೆ ಬೆಳೆಸುವ ಅಜೋಲಾ ಇದಕ್ಕಿಂತ ಬಹಳ ಚಿಕ್ಕದು, ಹುರುಪೆ ಹುರುಪೆಯಾಗಿ, ಹಲವು ಸಲ ಕೆಂಪು ಛಾಯೆಯಲ್ಲಿರುತ್ತದೆ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸಾಲ್ವಿನಿಯಾದ ಕತೆಯೇ ಸಾಕ್ಷಿ. ಬಹಳ ಕಾಲ ವಿಜ್ಞಾನಿಗಳೇ ಇದನ್ನು ಇನ್ನೊಂದು ಪ್ರಭೇದವೆಂದು ತಿಳಿದಿದ್ದರು. ಆ ಪ್ರಭೇದವನ್ನು ತಿನ್ನುವ ಕೀಟಗಳನ್ನು ತಂದು ಬಿಟ್ಟರು, ಫಲ ಸಿಗಲಿಲ್ಲ. 1972ರಲ್ಲಿ ಇದು ಬೇರೆಯೇ ಪ್ರಭೇದವೆಂದು ಹೆಸರಾಯಿತು. ಮುಂದೆ 1978ರಲ್ಲಿ ಆಗ್ನೇಯ ಬ್ರೆಜಿಲ್‌ನಲ್ಲಿ ಅದರ ತವರು ಪತ್ತೆಯಾಯಿತು. ಅಲ್ಲಿ ಸಿಕ್ಕ ಪುಟ್ಟ ಮೂತಿಹುಳುವನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಸರೋವರಕ್ಕೆ ಬಿಟ್ಟರು. ಸುಮಾರು ಒಂದು ವರ್ಷದಲ್ಲಿ ಸಾವಿರಾರು ಟನ್ ಕಳೆ ನಾಶವಾಯಿತು. ಅದೇ ಹುಳು 1980ರ ದಶಕದಲ್ಲಿ ಬೆಂಗಳೂರಿಗೂ ಬಂತು. ಇಲ್ಲಿನ ಒಂದು ನೈದಿಲೆ ಕೊಳದ ಸಾಲ್ವಿನಿಯಾವನ್ನು ವರ್ಷದೊಳಗೆ ಮುಗಿಸಿತು. ಆಮೇಲೆ ಕೇರಳದಲ್ಲೂ ಅದನ್ನು ಬಳಸಿದರು.

ವಾಟರ್ ಹಯಸಿಂತ್‌ಗೂ ಪ್ರತ್ಯೇಕ ಮೂತಿಹುಳುಗಳಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದೇ ದಶಕದಲ್ಲಿ ಅವನ್ನು ಬೆಂಗಳೂರಿನ ಕೆರೆಗಳಿಗೆ ಬಿಟ್ಟು ಯಶಸ್ಸು ಕಂಡಿತ್ತು. ಒಂದರ ಹುಳು ಇನ್ನೊಂದನ್ನು ಮುಗಿಸುವುದಿಲ್ಲ. ಹೆಸರು ತಪ್ಪಿದರೆ ಹುಳುವಿಗೆ ಉಪವಾಸ, ಕಳೆಗೆ ಹಬ್ಬ.

ನಮ್ಮವನ್ನು ಬಿಡಿ

‘ಕೆರೆ ಕ್ಲೀನ್ ಮಾಡಿಸಿದ್ದೀವಿ’ ಅಂತ ತೋರಿಸುವ ಫೋಟೊಗಳಲ್ಲಿ ಹಲವು ಸಲ ನನಗೆ ಕಾಣುವುದು ಬೋಳು ನೀರು. ವಿದೇಶಿ ಕಳೆಯ ಜೊತೆ ತಾವರೆ, ನೈದಿಲೆ, ಜೊಂಡು ಎಲ್ಲವೂ ಹೋಗಿರುತ್ತವೆ. ಇವು ನಮ್ಮವು. ತಾವರೆ ಎಲೆ ಪೂರ್ತಿ ವೃತ್ತ, ತೊಟ್ಟು ನಡುವಿಗೆ ಸೇರಿರುತ್ತದೆ. ನೈದಿಲೆ ಎಲೆಗೆ ಒಂದು ಕಡೆ ಸೀಳಿರುತ್ತದೆ. ಜೊಂಡಿನ ತುದಿಯ ಕಂದು ತೆನೆ ಎಲ್ಲರಿಗೂ ಗೊತ್ತು. ಜೊಂಡು ಅತಿಯಾದರೆ ಕೆರೆ ಹೂಳಿನಿಂದ ಆಳ ಕಳೆದುಕೊಳ್ಳುತ್ತಿದೆ ಎಂಬ ಸೂಚನೆ ಇರಬಹುದು, ಆಗ ಒಂದಿಷ್ಟು ಭಾಗ ತೆಗೆಯಬೇಕು, ನಿಜ. ಆದರೆ ನೀರುಕೋಳಿಗಳು ಗೂಡು ಕಟ್ಟುವುದು ಅದರೊಳಗೇ.

ಟೆಂಡರಿಗೆ ಮೊದಲು ಪಟ್ಟಿ

ಕಳೆ ತೆಗೆಯುವ ಟೆಂಡರ್ ಕರೆಯುವ ಮುನ್ನ ಕೆರೆಯಲ್ಲಿರುವ ಗಿಡಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಪ್ರಕಟಿಸಬೇಕು. ಯಾವುದನ್ನು ತೆಗೆಯುತ್ತೀರಿ, ಯಾವುದನ್ನು ಉಳಿಸುತ್ತೀರಿ, ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ? ಈ ಮೂರು ಪ್ರಶ್ನೆ ಕೇಳುವ ಹಕ್ಕು ಕೆರೆ ಪಕ್ಕದವರಿಗೆ ಇದೆ. ವಾಟರ್ ಹಯಸಿಂತ್‌ನ ತೂಕದಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ. ಅದನ್ನು ಹಸಿಯಾಗಿ ಲಾರಿಯಲ್ಲಿ ಸಾಗಿಸಿದರೆ ನಾವು ದುಡ್ಡು ಕೊಡುವುದು ನೀರು ಹೊರುವುದಕ್ಕೆ. ಏರಿಯ ಮೇಲೇ ಬಿಟ್ಟರೆ ಮುಂದಿನ ಮಳೆಗೆ ವಾಪಸ್. ಅದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಜೀವ ಹಿಡಿದುಕೊಂಡಿರುತ್ತದೆ, ಆದ್ದರಿಂದ ಒಮ್ಮೆ ತೆಗೆದು ಬಿಲ್ ಪಾಸು ಮಾಡಿದರೆ ಮುಗಿಯುವ ಕೆಲಸವಲ್ಲ. ಕೊಳಚೆ ನೀರಿನಲ್ಲಿ ಬರುವ ಸಾರಜನಕ, ರಂಜಕವೇ ಇವಕ್ಕೆಲ್ಲ ಗೊಬ್ಬರ. ಅದು ನಿಲ್ಲದೆ ಯಾವ ಯಂತ್ರವೂ ಗೆಲ್ಲದು.

ಹೊಸ ಕಳೆಗಳು ಬರುವ ದಾರಿಯೂ ನಮ್ಮ ಮನೆಯಿಂದಲೇ ಶುರುವಾಗಬಹುದು. 2020ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡಿನ ತುಂಬ ಗುಲಾಬಿ ಹೂ ಅರಳಿತು, ನೋಡಲು ಜನ ಮುಗಿಬಿದ್ದರು. ಅದು ಅಕ್ವೇರಿಯಂಗಳಲ್ಲಿ ಬಳಸುವ ದಕ್ಷಿಣ ಅಮೆರಿಕದ ಕಬೊಂಬ. ಚೆಂದ ಅಂತ ಕಿತ್ತು ತಂದು ಇನ್ನೊಂದು ಕೆರೆಗೆ ಹಾಕಿದರೆ ಕತೆ ಅಲ್ಲಿಂದ ಮತ್ತೆ ಶುರು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಆಕ್ರಮಣಕಾರಿ ವಿದೇಶಿ ಪ್ರಭೇದಗಳ ಆಮದು, ಮಾರಾಟವನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೂ ತೇಲುವ ಗಿಡಗಳನ್ನು ನರ್ಸರಿಗಳಲ್ಲಿ ಮಾರಾಟಕ್ಕಿಟ್ಟಿದ್ದನ್ನು ನಾನು ನೋಡಿದ್ದೇನೆ.

ನಿಮ್ಮೂರ ಕೆರೆಗೆ ಹೋದಾಗ ನಾಲ್ಕು ಫೋಟೊ ತೆಗೆಯಿರಿ: ಇಡೀ ಗಿಡ, ಎಲೆಯ ಮೇಲ್ಭಾಗ, ಮುರಿದ ಕಾಂಡ, ಹೂವು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಗುರುತಿಸಲು ಬಲ್ಲವರು ನೆರವಾಗುತ್ತಾರೆ. ಸ್ಥಳ, ತಾರೀಖು ಬರೆಯುವುದನ್ನು ಮರೆಯಬೇಡಿ. ಮುಂದಿನ ಸಲ ಅರ್ಜಿ ಕೊಡುವಾಗ ‘ಅಂತರಗಂಗೆ ತೆಗೆಸಿ’ ಎಂದಷ್ಟೇ ಬರೆಯದೆ, ಗಿಡದ ಸರಿಯಾದ ಹೆಸರನ್ನೂ ಬರೆದು ಫೋಟೊ ಲಗತ್ತಿಸಿ.