ಊಟವೂ ಬೇಕು, ಮಾತೂ ಬೇಕು: ಕುವೈತ್‌ನಲ್ಲಿ ಡಯಟೀಷಿಯನ್ ಕೆಲಸ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಊಟ ಮತ್ತು ಮಾತು ಎರಡನ್ನೂ ಬಲ್ಲವರಿಗೆ ಕುವೈತ್‌ನಲ್ಲಿ ಒಂದು ಉದ್ಯೋಗವೇ ಇದೆ. ಅದೇ ಡಯಟೀಷಿಯನ್ ಅಥವಾ ಆಹಾರ ತಜ್ಞರ ಕೆಲಸ. ಆಸ್ಪತ್ರೆಯ ಔಷಧ ವಿಭಾಗದಲ್ಲಿರುವ ನಮಗೆ ಈ ಕೆಲಸ ಬಹಳ ಹತ್ತಿರದ್ದು. ವೈದ್ಯರು ಬರೆದ ಚೀಟಿಯ ಒಂದು ಭಾಗ ನಮ್ಮ ಕೌಂಟರ್‌ಗೆ ಬಂದರೆ ಇನ್ನೊಂದು ಭಾಗ ಅವರ ಕೋಣೆಗೆ ಹೋಗುತ್ತದೆ. ನಾವು ಕೊಟ್ಟ ಮಾತ್ರೆ ಕೆಲಸ ಮಾಡುವುದೂ ಬಿಡುವುದೂ ಎಷ್ಟೋ ಸಲ ಅವರು ಹೇಳಿದ ಊಟದ ಮೇಲೆ ನಿಂತಿರುತ್ತದೆ.

ಊರಿನಲ್ಲಿ ಮಕ್ಕಳು ಈ ವಿಷಯ ಓದುತ್ತಿರುವ ಸಂಘದ ಸದಸ್ಯರು ‘ಇಲ್ಲಿ ಇದಕ್ಕೆ ಕೆಲಸ ಇದೆಯೇ?’ ಎಂದು ಆಗಾಗ ಕೇಳುತ್ತಾರೆ. ‘ನನಗೆ ಶುಗರ್ ಇದೆ, ಮೆಸ್ ಊಟ ತಿನ್ನುತ್ತೇನೆ, ಏನು ಮಾಡಲಿ?’ ಎಂದು ಕೇಳುವ ಅಣ್ಣತಮ್ಮಂದಿರು ಅದಕ್ಕಿಂತ ಹೆಚ್ಚು. ಈ ಬರಹ ಇಬ್ಬರಿಗೂ.

ಈ ದೇಶಕ್ಕೆ ಡಯಟೀಷಿಯನ್ ಏಕೆ ಬೇಕು?

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಹೊರತಂದ ಅಟ್ಲಾಸ್ ಪ್ರಕಾರ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದಾಗ ಕುವೈತ್‌ನ ವಯಸ್ಕರಲ್ಲಿ ಶೇಕಡಾ 24.9 ಮಂದಿಗೆ ಮಧುಮೇಹ. ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು. ಜಗತ್ತಿನಲ್ಲೇ ಅತಿ ಹೆಚ್ಚು ಪ್ರಮಾಣವಿರುವ ಕೆಲವೇ ದೇಶಗಳ ಸಾಲಿನಲ್ಲಿ ಇದೂ ಇದೆ. ಮಧುಮೇಹಕ್ಕೆಂದೇ ದಸ್ಮಾನ್ ಡಯಾಬಿಟಿಸ್ ಇನ್‌ಸ್ಟಿಟ್ಯೂಟ್ ಎಂಬ ದೊಡ್ಡ ಸಂಸ್ಥೆ ಇಲ್ಲಿದೆ. ಬೊಜ್ಜಿನ ತೊಂದರೆಯೂ ಹಾಗೆಯೇ. ಹೊಟ್ಟೆಯ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆ ಇಲ್ಲಿ ತೀರಾ ಸಾಮಾನ್ಯ. ಆ ಚಿಕಿತ್ಸೆಯಾದವರಿಗೆ ಮೊದಲು ನೀರಿನಂಥ ಆಹಾರ, ಆಮೇಲೆ ನುಣ್ಣಗೆ ರುಬ್ಬಿದ್ದು, ಮೆತ್ತನೆಯದು, ಕೊನೆಗೆ ಮಾಮೂಲಿ ಊಟ ಎಂದು ವಾರಗಟ್ಟಲೆ ಕೈಹಿಡಿದು ನಡೆಸುವವರು ಬೇಕು. ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಹೇಗೆ ಸೇರಿಸುವುದು, ವಿಟಮಿನ್ ಮಾತ್ರೆಗಳನ್ನು ಬಿಡದೆ ಹೇಗೆ ಮುಂದುವರಿಸುವುದು ಎಂಬುದನ್ನು ಕಲಿಸುವವರೂ ಅವರೇ.

ಹೀಗಾಗಿ ಮುಬಾರಕ್ ಅಲ್ ಕಬೀರ್, ಅಮೀರಿ, ಫರ್ವಾನಿಯಾ, ಅದಾನ್, ಜಹ್ರಾದಂಥ ಸರ್ಕಾರಿ ಆಸ್ಪತ್ರೆಗಳಷ್ಟೇ ಅಲ್ಲದೆ ಖಾಸಗಿ ಆಸ್ಪತ್ರೆಗಳು, ಕ್ಲಿನಿಕ್‌ಗಳು, ದಿನದ ಊಟವನ್ನು ಅಳೆದು ಡಬ್ಬಿಯಲ್ಲಿ ಮನೆಗೆ ಕಳಿಸುವ ಡಯಟ್ ಕಂಪನಿಗಳು ಕೂಡ ಆಹಾರ ತಜ್ಞರನ್ನು ಇಟ್ಟುಕೊಳ್ಳುತ್ತವೆ.

ದಿನದ ಕೆಲಸ ಹೇಗಿರುತ್ತದೆ?

ಡಯಟೀಷಿಯನ್ ಎಂದರೆ ‘ಅದು ತಿನ್ನಬೇಡಿ, ಇದು ತಿನ್ನಬೇಡಿ’ ಎನ್ನುವವರು ಎಂಬ ತಪ್ಪು ಕಲ್ಪನೆ ಇದೆ. ಆಸ್ಪತ್ರೆಯಲ್ಲಿ ಅವರ ಬೆಳಗು ವಾರ್ಡ್‌ಗಳಲ್ಲಿ ಶುರುವಾಗುತ್ತದೆ. ಕಿಡ್ನಿ ರೋಗಿಗೆ ಪೊಟ್ಯಾಸಿಯಂ ಎಷ್ಟು, ಹೃದಯ ರೋಗಿಗೆ ಉಪ್ಪು ಎಷ್ಟು, ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರಿಗೆ ಗಂಟೆಗೆ ಎಷ್ಟು ಮಿಲಿಲೀಟರ್ ಎಂಬ ಲೆಕ್ಕ ಹಾಕಿ ಅಡುಗೆಮನೆಗೆ ತಿಳಿಸಬೇಕು. ಮಧ್ಯಾಹ್ನದ ಹೊತ್ತಿಗೆ ಹೊರರೋಗಿಗಳು ಬರುತ್ತಾರೆ.

ನಮ್ಮ ವಿಭಾಗಕ್ಕೂ ಅವರಿಗೂ ದಿನವೂ ಕೊಡುಕೊಳ್ಳುವಿಕೆ ಇದ್ದೇ ಇರುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ, ಆದರೆ ಒಂದು ವಾರ ಬುಟ್ಟಿ ತುಂಬ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದಾದ ನಾಲ್ಕು ಗಂಟೆಯ ಮೇಲೆ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ಹಾಲು, ಮಜ್ಜಿಗೆಯ ಜೊತೆ ನುಂಗಬಾರದು. ಕಬ್ಬಿಣದ ಮಾತ್ರೆ ನುಂಗಿದ ಬೆನ್ನಿಗೇ ಚಹಾ ಕುಡಿದರೆ ಅದು ಮೈಗೆ ಹತ್ತುವುದಿಲ್ಲ. ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳಿಗೂ ಗ್ರೇಪ್‌ಫ್ರೂಟ್ ಎಂಬ ದೊಡ್ಡ ಕಿತ್ತಳೆಗೂ ಆಗಿಬರುವುದಿಲ್ಲ. ಇವೆಲ್ಲ ಔಷಧದ ವಿಷಯವೂ ಹೌದು, ಊಟದ ವಿಷಯವೂ ಹೌದು.

ಐಶ್ ಎಂದರೆ ಏನು?

ಓದಿಗಿಂತ ಕಷ್ಟವಾಗುವುದು ಮಾತು. ಅರೇಬಿಕ್ ಒಂದೇ ಭಾಷೆ ಎಂದುಕೊಂಡು ಬಂದವರಿಗೆ ಮೊದಲ ವಾರವೇ ಪಾಠವಾಗುತ್ತದೆ. ಕುವೈತಿ ಅಜ್ಜಿಗೆ ‘ಐಶ್’ ಎಂದರೆ ಅನ್ನ. ಈಜಿಪ್ಟಿನ ಡ್ರೈವರ್‌ಗೆ ಅದೇ ‘ಐಶ್’ ಎಂದರೆ ರೊಟ್ಟಿ. ಇಲ್ಲಿಯವರು ‘ಲಬನ್’ ಎಂದರೆ ಮಜ್ಜಿಗೆ, ಈಜಿಪ್ಟಿನವರು ಎಂದರೆ ಹಾಲು. ‘ಐಶ್ ಕಡಿಮೆ ಮಾಡಿ’ ಎಂದು ಚೀಟಿ ಬರೆದರೆ ಒಬ್ಬರು ಅನ್ನ ಬಿಡುತ್ತಾರೆ, ಇನ್ನೊಬ್ಬರು ರೊಟ್ಟಿ ಬಿಟ್ಟು ಅನ್ನವನ್ನು ಎರಡು ಪಟ್ಟು ಮಾಡುತ್ತಾರೆ. ರೋಗಿ ಯಾವ ದೇಶದವರು ಎಂದು ನೋಡಿ ಮಾತು ಬದಲಿಸುವ ಜಾಣ್ಮೆ ಬೇಕು.

ಅವರ ಅಡುಗೆಯನ್ನೂ ಕಲಿಯಬೇಕು. ಮಚ್ಬೂಸ್, ಹರೀಸ್, ಜರೀಶ್, ಜುಬೈದಿ ಮೀನು, ಖರ್ಜೂರ ಇವು ಅವರ ಹಬ್ಬದ ಊಟ ಮಾತ್ರವಲ್ಲ, ಮನೆಯ ಮರ್ಯಾದೆ ಕೂಡ. ದೀವಾನಿಯಾದಲ್ಲಿ ಕುಳಿತವರ ಮುಂದೆ ಖರ್ಜೂರದ ತಟ್ಟೆ ಬಂದಾಗ ‘ಬೇಡ’ ಎನ್ನುವುದು ಸುಲಭವಲ್ಲ. ‘ಎಷ್ಟು’ ಎಂದು ಹೇಳಿದರೆ ಅವರು ಕೇಳುತ್ತಾರೆ. ದೊಡ್ಡ ಮೆಡ್‌ಜೂಲ್ ಖರ್ಜೂರ ಒಂದರಲ್ಲೇ ಸುಮಾರು 18 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಸಣ್ಣ ತಳಿಯ ಒಂದು ಹಣ್ಣಿನಲ್ಲಿ ಅದರ ಮೂರನೇ ಒಂದು ಭಾಗದಷ್ಟೇ. ಇದನ್ನು ತೋರಿಸಿ ವಿವರಿಸಿದರೆ ಅರ್ಧ ಕೆಲಸ ಮುಗಿದಂತೆ.

ರಂಜಾನ್ ತಿಂಗಳು ಬಂತೆಂದರೆ ಅವರಿಗೂ ನಮಗೂ ಬಿಡುವಿಲ್ಲ. ಶುಗರ್ ಮಾತ್ರೆ, ಇನ್ಸುಲಿನ್‌ನ ಹೊತ್ತು ಮತ್ತು ಪ್ರಮಾಣವನ್ನು ವೈದ್ಯರು ಬದಲಿಸುತ್ತಾರೆ. ಸುಹೂರ್ ಮತ್ತು ಇಫ್ತಾರ್ ಊಟವನ್ನು ಡಯಟೀಷಿಯನ್ ಅದಕ್ಕೆ ಹೊಂದಿಸುತ್ತಾರೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ದಾಟಿದರೆ ಉಪವಾಸ ಮುರಿಯಬೇಕು ಎಂಬುದು ವೈದ್ಯಲೋಕ ಒಪ್ಪಿದ ಮಾತು. ನಮ್ಮ ಕರಾವಳಿಯ ಮುಸ್ಲಿಂ ಬಂಧುಗಳು ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕಂಡು ಬರಲಿ. ಏಕಾದಶಿ, ಶಿವರಾತ್ರಿ, ಲೆಂಟ್ ಉಪವಾಸ ಮಾಡುವವರಿಗೂ ಇದೇ ಮಾತು ಅನ್ವಯ.

ನಮ್ಮವರ ತಟ್ಟೆ

ಇಷ್ಟೆಲ್ಲ ವ್ಯವಸ್ಥೆ ಇದ್ದರೂ ಅದು ನಮ್ಮ ಕನ್ನಡದ ಕಾರ್ಮಿಕರನ್ನು ತಲುಪುವುದು ಕಡಿಮೆ. ಜಲೀಬ್, ಮಹಬೂಲಾ, ಮಂಗಫ್‌ನ ಕೋಣೆಗಳಲ್ಲಿ ಆರೆಂಟು ಜನ ಸೇರಿ ಇರುವವರು ನಾವು. ಊಟ ಒಂದೋ ಮೆಸ್‌ನದು, ಇಲ್ಲವೇ ರಾತ್ರಿ ಒಮ್ಮೆ ಮಾಡಿದ್ದನ್ನು ಮರುದಿನ ಮಧ್ಯಾಹ್ನದವರೆಗೆ ತಿನ್ನುವುದು. ತಟ್ಟೆ ತುಂಬ ಬಿಳಿ ಅನ್ನ, ಮೇಲೊಂದು ಸಾರು, ಉಪ್ಪಿನಕಾಯಿ, ಹಪ್ಪಳ. ತರಕಾರಿ ಹೆಸರಿಗೆ ಮಾತ್ರ. ಕೆಲಸಕ್ಕೆ ರಜೆ ಹಾಕಿದರೆ ಸಂಬಳ ಕಡಿತ, ಡಯಟೀಷಿಯನ್ ಬಳಿ ಹೋದರೆ ಭಾಷೆಯ ತೊಡಕು. ಹಾಗಾಗಿ ಊರಿಂದ ಯಾರೋ ತಂದುಕೊಟ್ಟ ಮಾತ್ರೆ, ಯಾರೋ ಹೇಳಿದ ಹಾಗಲಕಾಯಿ ಪುಡಿಯಲ್ಲೇ ವರ್ಷಗಳು ಉರುಳುತ್ತವೆ. ಸಾಲ ತೀರಿಸಿ, ಮನೆ ಕಟ್ಟಿಸಿ, ಮಕ್ಕಳ ಮದುವೆ ಮಾಡಿ ಊರಿಗೆ ಮರಳುವ ಹೊತ್ತಿಗೆ ಕಿಡ್ನಿಯೋ ಕಣ್ಣೋ ಕಾಲೋ ಕೈಕೊಟ್ಟಿರುತ್ತದೆ. ಇಲ್ಲಿ ದುಡಿದದ್ದು ಅಲ್ಲಿನ ಡಯಾಲಿಸಿಸ್‌ಗೆ ಹೋಗುತ್ತದೆ. ಇದು ನಮ್ಮ ನಡುವೆ ನಡೆಯುತ್ತಿರುವ ಸಂಗತಿ.

ಕೌಂಟರ್‌ನ ಈಚೆಯಿಂದ ನಾವು ಪದೇ ಪದೇ ಹೇಳುವ ಕೆಲವು ಮಾತುಗಳು ಇಲ್ಲಿವೆ.

ಮೊದಲನೆಯದು ಸಂಖ್ಯೆಯ ಗೊಂದಲ. ಇಲ್ಲಿನ ಲ್ಯಾಬ್ ವರದಿಯಲ್ಲಿ ಸಕ್ಕರೆಯನ್ನು ಸಾಮಾನ್ಯವಾಗಿ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತಾರೆ. ‘ಹತ್ತು’ ಎಂದು ಕಂಡು ‘ಬಹಳ ಕಡಿಮೆ ಇದೆ’ ಎಂದು ನೆಮ್ಮದಿಯಾಗಿ ಹೋಗುವವರಿದ್ದಾರೆ. ಅದನ್ನು 18ರಿಂದ ಗುಣಿಸಿ. ಊರಿನ ಲೆಕ್ಕದಲ್ಲಿ ಅದು 180. ಖಾಲಿ ಹೊಟ್ಟೆಯಲ್ಲಿ 7, ಅಂದರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹದ ಸೂಚನೆ. 3.9 ಎಂದರೆ ನಮ್ಮ 70. ಅದಕ್ಕಿಂತ ಕೆಳಗೆ ಇಳಿದರೆ ಅಪಾಯ. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಎರಡನೆಯದು ರಾಗಿ. ‘ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇನೆ, ಎಷ್ಟು ತಿಂದರೂ ನಡೆಯುತ್ತದೆ’ ಎನ್ನುತ್ತಾರೆ. ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇಲ್ಲ. ಆದರೆ ಶರ್ಕರಪಿಷ್ಟ ರಾಗಿಯಲ್ಲಿ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78 ಗ್ರಾಂ. ವ್ಯತ್ಯಾಸ ಇಷ್ಟೇ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಕುಚ್ಚಲಕ್ಕಿ ಗಂಜಿಗೂ ಜೋಳದ ರೊಟ್ಟಿಗೂ ಇದೇ ನ್ಯಾಯ. ಧಾನ್ಯ ಬದಲಿಸುವುದಕ್ಕಿಂತ ಮೊದಲು ಅಳತೆ ಬದಲಿಸಿ. ಅರ್ಧ ತಟ್ಟೆ ಪಲ್ಯ, ಸೊಪ್ಪು. ಕಾಲು ಭಾಗ ಬೇಳೆ, ಮೊಟ್ಟೆ ಅಥವಾ ಬಂಗುಡೆ. ಕಾಲು ಭಾಗ ಅನ್ನವೋ ಮುದ್ದೆಯೋ.

ಮೂರನೆಯದು ಕುಡಿಯುವುದು. ಒಂದು ಕ್ಯಾನ್ ಸಾಫ್ಟ್ ಡ್ರಿಂಕ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಟಿನಲ್ಲಿ ಐದು ಸಲ ಬರುವ ಕರಕ್ ಚಾಯ್ ಆ ಲೆಕ್ಕವನ್ನು ಸುಲಭವಾಗಿ ದಾಟಿಬಿಡುತ್ತದೆ. ಬಾಯಾರಿದರೆ ನೀರೇ ಕುಡಿಯಿರಿ.

ನಾಲ್ಕನೆಯದು ಬಿಸಿಲು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮ ಇರುವುದು ಸುಮ್ಮನಲ್ಲ. ಬಿಸಿಲಲ್ಲಿ ದುಡಿಯುವಾಗ ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಅಳತೆ ಇಟ್ಟುಕೊಳ್ಳಬೇಕು. ಇನ್ಸುಲಿನ್ ಪೆನ್ನನ್ನು ನಿಲ್ಲಿಸಿದ ಗಾಡಿಯಲ್ಲಿ ಬಿಡಲೇಬೇಡಿ. ತೆರೆಯದ ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಗೆ ಕೆಟ್ಟ ಇನ್ಸುಲಿನ್ ನೋಡಲು ಎಷ್ಟೋ ಸಲ ಹಾಗೆಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಸಿವಿಲ್ ಐಡಿ ಇದ್ದವರಿಗೆ ಅವರವರ ವಿಳಾಸದ ಪ್ರದೇಶದ ಪಾಲಿಕ್ಲಿನಿಕ್ ಇದೆ. ಅಲ್ಲಿಗೆ ಹೋಗಿ ಸಕ್ಕರೆ, ಬಿಪಿ ಪರೀಕ್ಷಿಸಿಕೊಂಡು, ಡಯಟೀಷಿಯನ್ ಬಳಿ ಕಳಿಸಿಕೊಡಿ ಎಂದು ನೀವೇ ಕೇಳಿ. ಭಾಷೆ ಬಾರದಿದ್ದರೆ ಬಲ್ಲ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ಹಿಂದಿನ ಮೂರು ದಿನ ತಿಂದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಊರಿನ ಪುಡಿ, ಲೇಹ್ಯವನ್ನೂ ಮುಚ್ಚಿಡದೆ ಹೇಳಿ.

ಓದಿದವರು ಬರುವುದು ಹೇಗೆ?

ಕರ್ನಾಟಕದಲ್ಲಿ ಈ ಓದಿಗೆ ಒಳ್ಳೆಯ ಹೆಸರಿದೆ. ಮೈಸೂರು ವಿಶ್ವವಿದ್ಯಾನಿಲಯದ ಆಹಾರ ವಿಜ್ಞಾನ ವಿಭಾಗ, ಮಣಿಪಾಲ, ಬೆಂಗಳೂರಿನ ಗೃಹ ವಿಜ್ಞಾನ ಕಾಲೇಜುಗಳಿಂದ ಹೊರಬಂದವರು ಜಗತ್ತಿನ ಹಲವೆಡೆ ಇದ್ದಾರೆ. ಭಾರತೀಯ ಆಹಾರ ತಜ್ಞರ ಸಂಘ ನಡೆಸುವ ಆರ್‌ಡಿ ಪರೀಕ್ಷೆ ಪಾಸಾಗಿ, ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವ ಇದ್ದರೆ ಅರ್ಜಿಗೆ ತೂಕ ಹೆಚ್ಚು. ಬರೀ ಆನ್‌ಲೈನ್ ಸರ್ಟಿಫಿಕೇಟ್ ನಂಬಿ ಹೊರಡಬೇಡಿ.

ಇಲ್ಲಿ ರೋಗಿಗಳಿಗೆ ಆಹಾರ ಸಲಹೆ ಕೊಡಲು ಆರೋಗ್ಯ ಸಚಿವಾಲಯದ ಲೈಸೆನ್ಸ್ ಬೇಕು. ಪದವಿ ಪತ್ರಗಳಿಗೆ ಊರಿನಲ್ಲಿ ರಾಜ್ಯ ಸರ್ಕಾರ, ವಿದೇಶಾಂಗ ಇಲಾಖೆ, ಕುವೈತ್ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿಕೊಂಡೇ ವಿಮಾನ ಹತ್ತಿ. ಇಲ್ಲಿಗೆ ಬಂದ ಮೇಲೆ ಅದನ್ನು ಮಾಡಿಸುವುದು ದುಪ್ಪಟ್ಟು ಖರ್ಚು, ಮೂರು ಪಟ್ಟು ಅಲೆದಾಟ. ಮೂಲ ಸಂಸ್ಥೆಗಳಿಂದಲೇ ದಾಖಲೆ ಪರಿಶೀಲಿಸುವ ಡೇಟಾಫ್ಲೋ ಹಂತವೂ ಇರುತ್ತದೆ. ಹೆಸರಿನ ಒಂದು ಅಕ್ಷರ ಪಾಸ್‌ಪೋರ್ಟಿನಲ್ಲಿ ಬೇರೆ, ಅಂಕಪಟ್ಟಿಯಲ್ಲಿ ಬೇರೆ ಇದ್ದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಮುಖ್ಯವಾದ ಇನ್ನೊಂದು ಮಾತು. ಕುಟುಂಬ ವೀಸಾ, ಅಂದರೆ 22ನೇ ವಿಧಿಯ ವಾಸಪರವಾನಗಿಯ ಮೇಲೆ ಬಂದವರು ಹಾಗೆಯೇ ಕೆಲಸಕ್ಕೆ ಸೇರುವಂತಿಲ್ಲ. ಖಾಸಗಿ ಕೆಲಸಕ್ಕೆ 18ನೇ ವಿಧಿಗೆ ಬದಲಾಗಬೇಕು, ಅದರ ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಎಂಎಸ್ಸಿ ಓದಿ, ಮದುವೆಯಾಗಿ ಬಂದು, ಸಾಲ್ಮಿಯಾದ ಫ್ಲಾಟಿನಲ್ಲಿ ವರ್ಷಗಟ್ಟಲೆ ಕುಳಿತಿರುವ ನಮ್ಮ ಹೆಣ್ಣುಮಕ್ಕಳು ಹಲವರಿದ್ದಾರೆ. ಮದುವೆಗೆ ಮೊದಲೇ ದಾಖಲೆ ಸಿದ್ಧವಿಟ್ಟುಕೊಂಡರೆ, ಒಂದೆರಡು ವರ್ಷ ಊರಿನ ಆಸ್ಪತ್ರೆಯಲ್ಲಿ ದುಡಿದರೆ ಇಲ್ಲಿ ದಾರಿ ಹುಡುಕುವುದು ಸುಲಭ. ವೀಸಾಕ್ಕೆ ದುಡ್ಡು ಕೇಳುವ ಏಜೆಂಟರಿಗೆ ಕೈಮುಗಿದು ದೂರವಿರಿ.

ಹೀಗೆ ಬಂದವರು ಅರೇಬಿಕ್ ಕಲಿಯಲಿ, ಮಚ್ಬೂಸ್ ಲೆಕ್ಕವನ್ನೂ ಕಲಿಯಲಿ. ಜೊತೆಗೆ ತಿಂಗಳಿಗೊಂದು ಶುಕ್ರವಾರ ನಮ್ಮವರ ಕೋಣೆಗಳಿಗೂ ಬರಲಿ. ಮುದ್ದೆ, ಗಂಜಿ, ನೀರ್‌ದೋಸೆಯ ಲೆಕ್ಕವನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳಿಕೊಡಲು ಅವರಿಗಿಂತ ತಕ್ಕವರು ಬೇರೆ ಯಾರಿದ್ದಾರೆ? ಸಂಘದ ಕಾರ್ಯಕ್ರಮಗಳ ಜೊತೆ ವರ್ಷಕ್ಕೆರಡು ಸಲ ಇಂಥ ಶಿಬಿರ ನಡೆಸಿದರೆ ಔಷಧ ವಿಭಾಗದ ನಾವೂ ಬಂದು ನಿಲ್ಲುತ್ತೇವೆ. ಬರುವಾಗ ನಿಮ್ಮ ಮಾತ್ರೆಗಳ ಚೀಲ ತನ್ನಿ, ಸಕ್ಕರೆ ಅಳೆದ ಚೀಟಿ ತನ್ನಿ. ಊರಿಗೆ ಮರಳುವ ದಿನ ಸೂಟ್‌ಕೇಸ್ ಹೊರಲು ನಮ್ಮ ಕೈಕಾಲುಗಳೇ ಗಟ್ಟಿಯಾಗಿರಲಿ.