ಎಸ್‌ಎನ್‌ಎಫ್2 ಪ್ರೋಟೀನ್ ಕುಟುಂಬ

ಎಸ್‌ಎನ್‌ಎಫ್2 ಪ್ರೋಟೀನ್ ಕುಟುಂಬವು ಡಿಎನ್‌ಎಯ ಜೋಡಣೆಯನ್ನು ಬದಲಿಸಿ ವಂಶವಾಹಿಗಳ ಪ್ರತಿಲೇಖನವನ್ನು, ಅಂದರೆ ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿ ತಯಾರಾಗುವುದನ್ನು, ನಿಯಂತ್ರಿಸುವ ಪ್ರೋಟೀನ್‌ಗಳ ಗುಂಪು. ಇವು ಯೀಸ್ಟ್‌ನಿಂದ ಮಾನವನವರೆಗೆ ಅನೇಕ ಜೀವಿಗಳಲ್ಲಿವೆ. ರಚನೆಯಲ್ಲಿ ಇವು ಹೆಲಿಕೇಸ್ ಎಂಬ ಕಿಣ್ವಗಳನ್ನು ಹೋಲುತ್ತವೆ. ಆದರೆ ಹೆಲಿಕೇಸ್‌ಗಳಂತೆ ಡಿಎನ್‌ಎಯ ಎರಡು ಎಳೆಗಳನ್ನು ಬೇರ್ಪಡಿಸುವುದಿಲ್ಲ.

ಕಾರ್ಯವಿಧಾನ

ಮಾನವನ ಒಂದು ಜೀವಕೋಶದಲ್ಲಿರುವ ಡಿಎನ್‌ಎಯ ಒಟ್ಟು ಉದ್ದ ಸುಮಾರು 2 ಮೀಟರ್. ಅದು ಕೋಶಕೇಂದ್ರದಲ್ಲಿ ಅಡಕವಾಗಲು, ರೀಲಿಗೆ ದಾರ ಸುತ್ತಿದಂತೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್‌ಗಳು ಮತ್ತು ಅವುಗಳನ್ನು ಸುತ್ತಿದ ಸುಮಾರು 147 ಪ್ರತ್ಯಾಮ್ಲ ಜೋಡಿಗಳ ಡಿಎನ್‌ಎ ಸೇರಿದ ಘಟಕವೇ ನ್ಯೂಕ್ಲಿಯೋಸೋಮ್. ಹೀಗೆ ಸುತ್ತಿಕೊಂಡ ಭಾಗವನ್ನು ಪ್ರತಿಲೇಖನದ ಕಿಣ್ವಗಳು ಸುಲಭವಾಗಿ ತಲುಪಲಾರವು. ಎಸ್‌ಎನ್‌ಎಫ್2 ಕುಟುಂಬದ ಪ್ರೋಟೀನ್‌ಗಳು ಎಟಿಪಿಯನ್ನು ವಿಭಜಿಸಿ ಪಡೆದ ಶಕ್ತಿಯಿಂದ ನ್ಯೂಕ್ಲಿಯೋಸೋಮ್‌ಗಳನ್ನು ಸರಿಸುತ್ತವೆ ಅಥವಾ ತೆಗೆದುಹಾಕುತ್ತವೆ. ಇದರಿಂದ ಕೆಲವು ವಂಶವಾಹಿಗಳು ತೆರೆದುಕೊಂಡರೆ ಮತ್ತೆ ಕೆಲವು ಮುಚ್ಚಿಹೋಗುತ್ತವೆ.

ಹೆಸರು ಮತ್ತು ಸಂಶೋಧನೆ

1980ರ ದಶಕದಲ್ಲಿ ಯೀಸ್ಟ್ ಕುರಿತು ಎರಡು ಬೇರೆ ಬೇರೆ ಅಧ್ಯಯನಗಳು ನಡೆದವು. ಒಂದರಲ್ಲಿ ಸುಕ್ರೋಸ್ ಸಕ್ಕರೆಯನ್ನು ಹುದುಗಿಸಲಾರದ ತಳಿಗಳು ದೊರೆತವು; ‘ಸುಕ್ರೋಸ್ ನಾನ್ ಫರ್ಮೆಂಟಿಂಗ್’ ಎಂಬುದರ ಸಂಕ್ಷೇಪವೇ ಎಸ್‌ಎನ್‌ಎಫ್. ಇನ್ನೊಂದರಲ್ಲಿ ಲಿಂಗಪ್ರರೂಪವನ್ನು ಬದಲಿಸಲಾರದ ತಳಿಗಳು ದೊರೆತವು. ಅವಕ್ಕೆ ಕಾರಣವಾದ ವಂಶವಾಹಿಗಳನ್ನು ಎಸ್‌ಡಬ್ಲ್ಯುಐ ಎಂದು ಕರೆಯಲಾಯಿತು. ಎಸ್‌ಎನ್‌ಎಫ್2 ಮತ್ತು ಎಸ್‌ಡಬ್ಲ್ಯುಐ2 ಒಂದೇ ವಂಶವಾಹಿಯೆಂದು ಮುಂದೆ ತಿಳಿಯಿತು. ಹಣ್ಣಿನ ನೊಣದಲ್ಲಿ ಇದಕ್ಕೆ ಹೋಲುವ ವಂಶವಾಹಿಯ ಹೆಸರು ‘ಬ್ರಹ್ಮ’.

ಉಪಕುಟುಂಬಗಳು

ಎಸ್‌ಡಬ್ಲ್ಯುಐ/ಎಸ್‌ಎನ್‌ಎಫ್, ಐಎಸ್‌ಡಬ್ಲ್ಯುಐ, ಸಿಎಚ್‌ಡಿ ಮತ್ತು ಐಎನ್‌ಒ80 ಇವುಗಳಲ್ಲಿ ಪ್ರಮುಖವಾದವು.

ರೋಗಗಳೊಂದಿಗೆ ಸಂಬಂಧ

ಎಸ್‌ಎಂಎಆರ್‌ಸಿಎ4 ಎಂಬ ಸದಸ್ಯ ಪ್ರೋಟೀನಿನ ನಷ್ಟವು ಅಂಡಾಶಯದ ಒಂದು ಅಪರೂಪದ ಕ್ಯಾನ್ಸರಿನಲ್ಲಿ ಕಂಡುಬರುತ್ತದೆ. ಕಣ್ಣು, ಹೃದಯ ಮತ್ತು ಕಿವಿಗಳ ಬೆಳವಣಿಗೆಯನ್ನು ಬಾಧಿಸುವ ಚಾರ್ಜ್ ಸಿಂಡ್ರೋಮಿಗೆ ಬಹುತೇಕ ಸಿಎಚ್‌ಡಿ7 ವಂಶವಾಹಿಯ ದೋಷ ಕಾರಣ.

ಎಕ್ಸ್ ವರ್ಣತಂತುವಿನಲ್ಲಿರುವ ಎಟಿಆರ್‌ಎಕ್ಸ್ ವಂಶವಾಹಿಯ ದೋಷದಿಂದ, ಮುಖ್ಯವಾಗಿ ಗಂಡುಮಕ್ಕಳಲ್ಲಿ, ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ. ಅನೇಕರಲ್ಲಿ ಆಲ್ಫಾ ಥಲಸ್ಸೇಮಿಯಾ ಎಂಬ ರಕ್ತದೋಷವೂ ಇರುತ್ತದೆ. ಈ ಮಕ್ಕಳಲ್ಲಿ ಆಲ್ಫಾ ಗ್ಲೋಬಿನ್ ವಂಶವಾಹಿಗಳು ಸ್ವತಃ ದೋಷರಹಿತವಾಗಿದ್ದರೂ ಅವುಗಳ ಪ್ರತಿಲೇಖನ ಕಡಿಮೆಯಾಗಿರುತ್ತದೆ. ವಂಶವಾಹಿ ಸರಿಯಾಗಿದ್ದರಷ್ಟೇ ಸಾಲದು, ಜೀವಕೋಶವು ಅದನ್ನು ಓದಲು ಸಾಧ್ಯವಾಗಬೇಕು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.